ಗುರುಪುರಬ್ ಮತ್ತು ಕಚೇರಿಯ ಪಂಚಾಂಗ

ಕೆಲಸದ ಜಾಗಕ್ಕೆ ಧರ್ಮವನ್ನು ತರಬಾರದು ಎಂಬ ಮಾತನ್ನು ನಮ್ಮಲ್ಲಿ ಓದುಬರಹ ಬಲ್ಲವರು, ಅದರಲ್ಲೂ ಯಾರ ಮೇಲೂ ದ್ವೇಷವಿಲ್ಲದವರು, ಸಹಜವಾಗಿ ಆಡುತ್ತಾರೆ. ಸಿಖ್ ಸಹೋದ್ಯೋಗಿಯೊಬ್ಬರು ಗುರುನಾನಕ್ ಜಯಂತಿಗೆ ರಜೆ ಕೇಳಿದಾಗ, ಇಲ್ಲವೇ ಆ ದಿನ ದೊಡ್ಡ ಮೀಟಿಂಗ್ ಇಟ್ಟುಕೊಳ್ಳಬೇಡಿ ಎಂದಾಗ, ಈ ಮಾತು ಒಂದು ಪೂರ್ತಿ ವಾದವಾಗಿ ಬೆಳೆಯುತ್ತದೆ. ಕಚೇರಿ ಎಲ್ಲರದು, ಆದ್ದರಿಂದ ಅದು ಯಾರ ಮತಕ್ಕೂ ಸೇರಿರಬಾರದು. ಒಬ್ಬರ ಹಬ್ಬವನ್ನು ಮನ್ನಿಸಿದರೆ ಉಳಿದವರೆಲ್ಲರ ಹಬ್ಬವನ್ನೂ ಮನ್ನಿಸಬೇಕು. ಹಾಗೆ ಮಾಡುತ್ತ ಹೋದರೆ ಕೆಲಸ ನಡೆಯದು. ಆದ್ದರಿಂದ ಯಾರದನ್ನೂ ಮನ್ನಿಸದಿರುವುದೇ ಸಮಾನತೆ. ಕೊನೆಗೆ ಇದಕ್ಕೆ ಇನ್ನೊಂದು ಮಾತೂ ಸೇರುತ್ತದೆ: ಬೇಕಾದರೆ ಆ ದಿನ ಬೆಳಿಗ್ಗೆ ಎಲ್ಲರಿಗೂ ಒಂದು ಶುಭಾಶಯದ ಮೇಲ್ ಕಳಿಸೋಣ, ಅಷ್ಟು ಸಾಕು.

ಈ ನಿಲುವನ್ನು ಬಿಡಿಸಿ ನೋಡುವ ಮೊದಲು ಅದರ ಬಲವನ್ನು ಒಪ್ಪಬೇಕು. ಇದರ ಹಿಂದಿರುವುದು ಒಂದು ನಿಜವಾದ ಭಯ. ಯಾರಿಗೆ ಯಾವ ಮತ ಎಂದು ಕೇಳಿ ರಜೆ ಕೊಡುವ ಯಜಮಾನ, ನಾಳೆ ಅದೇ ಮಾಹಿತಿ ಇಟ್ಟುಕೊಂಡು ಬಡ್ತಿಯನ್ನೂ ತಡೆಯಬಲ್ಲ. ಹೆಸರು, ಕುಲ, ಮತ ಯಾವುದನ್ನೂ ಲೆಕ್ಕಿಸದೆ ಮಾಡಿದ ಕೆಲಸಕ್ಕಷ್ಟೇ ಕೂಲಿ ಕೊಡುವ ಜಾಗವೆಂದೇ ಆಧುನಿಕ ಕಚೇರಿ ನಮ್ಮಲ್ಲಿ ಲಕ್ಷಾಂತರ ಜನರಿಗೆ ಊರಿನ ಕಟ್ಟಳೆಗಳಿಂದ ಬಿಡುಗಡೆ ಕೊಟ್ಟಿತು. ಜಾತಿಯನ್ನು ಹಿಂದೆ ಬಿಟ್ಟು ಬಂದ ಮನುಷ್ಯನಿಗೆ ಕಚೇರಿಯಲ್ಲಿ ಮತಧರ್ಮದ ಮಾತೆತ್ತಿದರೆ ಅಳುಕಾಗುವುದು ನ್ಯಾಯವೇ. ಹಾಗಾಗಿ ಈ ವಾದವನ್ನು ಬರಿಯ ಉದಾಸೀನವೆಂದು ತಳ್ಳಿಹಾಕುವುದು ತಪ್ಪು. ಆದರೆ ಒಳ್ಳೆಯ ಉದ್ದೇಶದಿಂದ ಹೊರಟ ಈ ವಾದದಲ್ಲಿ ಒಂದಕ್ಕೊಂದು ಸೇರದ ಸಂಗತಿಗಳನ್ನು ಹೆಣೆದಿದ್ದಾರೆ. ಗಂಟನ್ನು ಬಿಡಿಸಿದರೆ ಅವರು ಬಯಸುವ ಸಮಾನತೆ ಅವರ ತೀರ್ಮಾನಕ್ಕೆ ವಿರುದ್ಧವಾದ ಕಡೆಗೇ ಕೈ ತೋರಿಸುತ್ತದೆ.

ಮೊದಲ ಹೇಳಿಕೆಯನ್ನೇ ನೋಡೋಣ: ಕಚೇರಿಗೆ ಮತವಿಲ್ಲ. ಬೆಂಗಳೂರಿನ, ಹುಬ್ಬಳ್ಳಿಯ ಯಾವುದೇ ಕಾರ್ಖಾನೆಗಾದರೂ, ಸಾಫ್ಟ್‌ವೇರ್ ಕಂಪನಿಗಾದರೂ, ಬಸ್ ಡಿಪೋಗಾದರೂ ನವರಾತ್ರಿಯ ಕೊನೆಯ ಹೊತ್ತಿಗೆ ಹೋಗಿ ನೋಡಿ. ಯಂತ್ರಗಳಿಗೆ ಅರಿಶಿನ ಕುಂಕುಮ, ಕಂಪ್ಯೂಟರಿಗೆ ಸೇವಂತಿಗೆ ಹಾರ, ಬಾಗಿಲಿಗೆ ಬಾಳೆಕಂದು, ವಾಹನದ ಮುಂದೆ ಒಡೆದ ಬೂದುಗುಂಬಳ, ಕೊನೆಗೆ ಎಲ್ಲರ ಕೈಗೂ ಕಡ್ಲೆಪುರಿ, ಸಿಹಿ. ಆಯುಧಪೂಜೆ ದುಡಿಮೆಯ ಹತಾರಗಳಿಗೆ ಸಲ್ಲುವ ಗೌರವ. ಅದನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅದು ನಡೆಯುವ ಜಾಗವನ್ನು ಮತವಿಲ್ಲದ ಜಾಗ ಎನ್ನಲಾಗದು. ವಾರದ ರಜೆಯನ್ನು ತೆಗೆದುಕೊಳ್ಳಿ. ಭಾನುವಾರವೇ ಏಕೆ? ಬ್ರಿಟಿಷರ ಆಡಳಿತದೊಂದಿಗೆ ಬಂದ ಕ್ರೈಸ್ತ ವಾರದ ಲೆಕ್ಕ ಅದು. 1948ರ ಕಾರ್ಖಾನೆ ಕಾಯ್ದೆ ವಾರದ ಮೊದಲ ದಿನವನ್ನೇ ರಜೆಯೆಂದು ನಿಗದಿ ಮಾಡಿದಾಗ ಸ್ವತಂತ್ರ ಭಾರತದ ಕಾನೂನೂ ಅದನ್ನೇ ಮುಂದುವರಿಸಿತು. ಇನ್ನು ವರ್ಷದ ರಜೆಪಟ್ಟಿ. 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಗಣರಾಜ್ಯ ದಿನ, ಕಾರ್ಮಿಕ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವಗಳ ಜೊತೆಗೆ ಐದು ಹಬ್ಬದ ರಜೆ ಕೊಡಬೇಕೆನ್ನುತ್ತದೆ. ಆ ಐದನ್ನು ಆರಿಸುವಾಗ ಹೆಚ್ಚು ಜನರಿಗೆ ಬೇಕಾದ ಹಬ್ಬಗಳೇ ಬರುತ್ತವೆ, ಬರಬೇಕಾದದ್ದೂ ಹಾಗೆಯೇ. ಗುರುನಾನಕ್ ಜಯಂತಿ ಕೇಂದ್ರ ಸರ್ಕಾರದ ಕಚೇರಿಗಳಿಗೆ ದೇಶದಾದ್ಯಂತ ಕಡ್ಡಾಯ ರಜೆ. ನಮ್ಮ ರಾಜ್ಯ ಸರ್ಕಾರದ ಪಟ್ಟಿಯಲ್ಲಿ ಅದು ಪರಿಮಿತ ರಜೆ, ಅಂದರೆ ಬೇಕಾದವರು ಆರಿಸಿಕೊಳ್ಳುವ ದಿನ. ಹೀಗೆ ಒಂದೇ ಬೀದಿಯ ಎರಡು ಸರ್ಕಾರಿ ಕಟ್ಟಡಗಳಲ್ಲಿ ಒಂದು ಆ ದಿನ ಮುಚ್ಚಿರುತ್ತದೆ, ಇನ್ನೊಂದು ತೆರೆದಿರುತ್ತದೆ. ಎರಡರಲ್ಲಿ ಯಾವುದು ಧರ್ಮನಿರಪೇಕ್ಷ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಎರಡೂ ತಂತಮ್ಮ ಜನರನ್ನು ನೋಡಿ ಪಟ್ಟಿ ಮಾಡಿವೆ, ಅಷ್ಟೆ.

ಇದರ ಅರ್ಥ, ಯಾರ ಹಬ್ಬವನ್ನೂ ಗಮನಿಸದ ಕಚೇರಿಯೆಂಬುದು ನಮ್ಮ ಮುಂದೆ ಆಯ್ಕೆಯಾಗಿಯೇ ಇಲ್ಲ. ಹೆಚ್ಚಿನವರ ಹಬ್ಬಗಳನ್ನು ಪಟ್ಟಿಯಲ್ಲಿ ಸೇರಿಸಿ ಮುಗಿಸಿದ ಮೇಲೆ, ಅಲ್ಲಿಂದಾಚೆಗೆ ನಾವು ಧರ್ಮವನ್ನು ನೋಡುವುದಿಲ್ಲ ಎಂದು ಗೆರೆ ಎಳೆದರೆ ಆ ಗೆರೆಯ ಹೊರಗೆ ಉಳಿಯುವವರು ಕೆಲವರೇ, ಮತ್ತು ಪ್ರತಿ ವರ್ಷವೂ ಅವರೇ. ಕೆನಡಾದ ಸುಪ್ರೀಂ ಕೋರ್ಟು 1994ರಲ್ಲಿ ಶಾಂಬ್ಲಿ ಶಾಲಾ ಮಂಡಳಿಯ ಪ್ರಕರಣದಲ್ಲಿ ಕಂಡುಕೊಂಡದ್ದು ಇದನ್ನೇ. ಕ್ಯಾಥೊಲಿಕ್ ಶಾಲಾ ಮಂಡಳಿಯೊಂದರ ಮೂವರು ಯಹೂದಿ ಶಿಕ್ಷಕರು ತಮ್ಮ ಪವಿತ್ರ ದಿನವಾದ ಯೋಮ್ ಕಿಪ್ಪೂರ್ ದಿನ ರಜೆ ಹಾಕಿದರು. ಮಂಡಳಿ ರಜೆ ಕೊಟ್ಟು ಸಂಬಳ ಕಡಿಯಿತು. ಶಾಲೆಯ ವೇಳಾಪಟ್ಟಿಯಲ್ಲಿ ಮತದ ಮಾತೇ ಇಲ್ಲ, ಎಲ್ಲರಿಗೂ ಒಂದೇ ನಿಯಮ ಎಂಬುದು ಮಂಡಳಿಯ ನಿಲುವು. ವೇಳಾಪಟ್ಟಿ ಮೇಲ್ನೋಟಕ್ಕೆ ಯಾರ ಪರವೂ ಇಲ್ಲದಿದ್ದರೂ ಅದರ ಪರಿಣಾಮ ಬೇರೆ ಎಂದಿತು ನ್ಯಾಯಾಲಯ. ಕ್ರಿಸ್ಮಸ್ಸು, ಗುಡ್ ಫ್ರೈಡೇ ಆಚರಿಸುವ ಶಿಕ್ಷಕರು ತಮ್ಮ ಪವಿತ್ರ ದಿನಗಳಿಗಾಗಿ ಒಂದು ಕಾಸೂ ಕಳೆದುಕೊಳ್ಳುವುದಿಲ್ಲ. ಯಹೂದಿ ಶಿಕ್ಷಕರು ಒಂದು ದಿನದ ಕೂಲಿ ಕಳೆದುಕೊಳ್ಳುತ್ತಾರೆ. ಕೇಡು ಬಗೆಯುವ ಉದ್ದೇಶ ಯಾರಿಗೂ ಇರಲಿಲ್ಲ, ಆದರೂ ಭೇದ ಆಗಿತ್ತು. ಈ ತರ್ಕದಲ್ಲಿ ಯೋಮ್ ಕಿಪ್ಪೂರ್ ಇದ್ದ ಜಾಗದಲ್ಲಿ ಗುರುಗಳ ನೆನಪಿನ ದಿನವಾದ ಗುರುಪುರಬ್ ಇಟ್ಟು ನೋಡಿ. ಒಂದು ಅಕ್ಷರವೂ ಬದಲಾಗಬೇಕಿಲ್ಲ. 2021ರ ಜನಗಣತಿಯ ಹೊತ್ತಿಗೆ ಕೆನಡಾದಲ್ಲಿ ಸಿಖ್ಖರು ಏಳೂವರೆ ಲಕ್ಷ ದಾಟಿದ್ದರು, ಜನಸಂಖ್ಯೆಯಲ್ಲಿ ಶೇಕಡ 2.1. ಅಲ್ಲಿ ಈ ಪ್ರಶ್ನೆ ದಿನನಿತ್ಯದ್ದು.

ಎರಡನೆಯ ಗೊಂದಲ ಇನ್ನೂ ಆಳದ್ದು. ಹಬ್ಬವನ್ನು ಗಮನಿಸುವುದು ಎಂಬ ಒಂದೇ ಮಾತಿನಡಿ ಮೂರು ಬೇರೆ ಬೇರೆ ಕೆಲಸಗಳನ್ನು ನಾವು ಕೂಡಿಹಾಕುತ್ತೇವೆ.

1. ಶುಭಾಶಯ ಹೇಳುವುದು. ಇದಕ್ಕೆ ಖರ್ಚಿಲ್ಲ, ಆದ್ದರಿಂದಲೇ ಎಲ್ಲರೂ ಮೊದಲು ಇದನ್ನು ಹಿಡಿಯುತ್ತಾರೆ. ಆದರೆ ಸಿಖ್ಖರ ವರ್ಷದಲ್ಲಿ ಸಂತೋಷದ ದಿನಗಳ ಜೊತೆಗೆ ಬಲಿದಾನದ ದಿನಗಳೂ ಇವೆ, ಮತ್ತು ಅವು ಮುಖ್ಯವಾದವು. ಐದನೆಯ ಗುರು ಅರ್ಜನ್ 1606ರಲ್ಲಿ ಲಾಹೋರಿನಲ್ಲಿ ಚಿತ್ರಹಿಂಸೆಗೆ ಒಳಗಾಗಿ ಪ್ರಾಣ ಬಿಟ್ಟರು. ಒಂಬತ್ತನೆಯ ಗುರು ತೇಗ್ ಬಹಾದುರರ ತಲೆಯನ್ನು 1675ರಲ್ಲಿ ದೆಹಲಿಯ ಚಾಂದನಿ ಚೌಕದಲ್ಲಿ ಕಡಿದರು. ಹತ್ತನೆಯ ಗುರು ಗೋಬಿಂದ್ ಸಿಂಗರ ಇಬ್ಬರು ಹಿರಿಯ ಮಕ್ಕಳು ಚಮಕೌರಿನ ಕಾಳಗದಲ್ಲಿ ಸತ್ತರು. ಇನ್ನೂ ಹತ್ತು ತುಂಬದ ಇಬ್ಬರು ಕಿರಿಯರನ್ನು ಸರ್‌ಹಿಂದ್‌ನಲ್ಲಿ ಗೋಡೆಯೊಳಗೆ ಇಟ್ಟು ಕೊಂದರು. ಅಜ್ಜಿ ಮಾತಾ ಗುಜರಿ ಚಳಿಯ ಬುರುಜಿನಲ್ಲಿ ತೀರಿಕೊಂಡರು. ಈ ಕೊನೆಯ ನೆನಪು ಬರುವುದು ಡಿಸೆಂಬರಿನ ಕೊನೆಯ ವಾರದ ಆಚೀಚೆ, ಕಚೇರಿಗಳಲ್ಲಿ ವರ್ಷಾಂತ್ಯದ ಪಾರ್ಟಿ ನಡೆಯುವ ಹೊತ್ತಿನಲ್ಲಿ. ಎಷ್ಟೋ ಸಿಖ್ ಮನೆಗಳಲ್ಲಿ ಆ ದಿನಗಳಲ್ಲಿ ಮದುವೆ ಇಡುವುದಿಲ್ಲ, ಕೆಲವರು ನೆಲದ ಮೇಲೆ ಮಲಗುತ್ತಾರೆ. ಆಗ ಕುಣಿತಕ್ಕೆ ಬಾರದ ಸಹೋದ್ಯೋಗಿಯನ್ನು ಬಿಗುಮಾನದವರೆಂದು ತಿಳಿಯುವುದು, ಗುರು ತೇಗ್ ಬಹಾದುರರ ದಿನಕ್ಕೆ ಬಣ್ಣದ ಬಲೂನಿನ ಶುಭಾಶಯ ಕಳಿಸುವುದು, ಎರಡೂ ಒಂದೇ ಅಜ್ಞಾನದಿಂದ ಬರುತ್ತವೆ. ಗುಡ್ ಫ್ರೈಡೇ ದಿನ ಸಂತೋಷ ಕೋರಬಾರದೆಂಬುದನ್ನು ನಾವು ಕಲಿತೆವಲ್ಲವೇ? ಇದನ್ನೂ ಕಲಿಯಬಹುದು.

2. ಕಚೇರಿಯೇ ಹಬ್ಬ ಆಚರಿಸುವುದು. ಇಲ್ಲಿ ನಾನು ನಿರಪೇಕ್ಷತೆಯನ್ನು ಕೇಳುವವರ ಜೊತೆಗೇ ನಿಲ್ಲುತ್ತೇನೆ. ಬೈಸಾಖಿಯ ಹೆಸರಿನಲ್ಲಿ ಎಲ್ಲರ ತಲೆಗೂ ಬಾಡಿಗೆಯ ಪೇಟ ಸುತ್ತಿ ಫೋಟೊ ತೆಗೆಸುವುದು, ಭಾಂಗ್ರಾ ಸ್ಪರ್ಧೆ ಇಡುವುದು, ಕೇಕಿನ ಮೇಲೆ ಗುರುವಿನ ಚಿತ್ರ ಬಿಡಿಸಿ ಚಾಕುವಿನಿಂದ ಕತ್ತರಿಸುವುದು, ಇವುಗಳಿಂದ ಯಾರಿಗೂ ಗೌರವ ಸಲ್ಲುವುದಿಲ್ಲ. ದಸ್ತಾರ್, ಅಂದರೆ ಸಿಖ್ಖರ ಪೇಟ, ವ್ರತದ ಭಾಗ, ವೇಷವಲ್ಲ. 1699ರ ಬೈಸಾಖಿಯಂದು ಆನಂದಪುರದಲ್ಲಿ ದೀಕ್ಷಿತ ಸಿಖ್ಖರ ಸಮುದಾಯವಾದ ಖಾಲ್ಸಾ ಹುಟ್ಟಿದ್ದು ತಲೆ ಕೊಡಲು ಸಿದ್ಧರಾದ ಐವರಿಂದ. ಆ ದಿನದ ನೆನಪನ್ನು ಸುಗ್ಗಿಯ ಕುಣಿತಕ್ಕೆ ಇಳಿಸಿದರೆ ಹೆಚ್ಚಿನದೇ ಕಳೆದುಹೋಗುತ್ತದೆ. ಕಚೇರಿ ಆಚರಣೆಗೆ ಇಳಿದಾಗಲೆಲ್ಲ ಒಬ್ಬ ಸಿಖ್ ನೌಕರ ಇಡೀ ಸಮುದಾಯದ ಪ್ರತಿನಿಧಿಯಾಗಿ ನಿಂತು ಭಾಷಣ ಮಾಡಬೇಕಾಗುತ್ತದೆ. ಆತ ನೇಮಕವಾಗಿದ್ದು ಲೆಕ್ಕ ಬರೆಯಲು, ಅಥವಾ ಕೋಡ್ ಬರೆಯಲು.

3. ಆಚರಿಸುವವರಿಗೆ ಅನುವು ಮಾಡಿಕೊಡುವುದು. ಬೇಕಾದ ದಿನ ರಜೆ, ಬೇಕಾದ ಹೊತ್ತಿಗೆ ತಡವಾಗಿ ಬರುವ ಅಥವಾ ಬೇಗ ಹೋಗುವ ಅವಕಾಶ, ಆ ದಿನಕ್ಕೆ ಪರೀಕ್ಷೆ, ಸಂದರ್ಶನ, ಮೌಲ್ಯಮಾಪನಗಳನ್ನು ಇಡದಿರುವ ಎಚ್ಚರ. ಇದರಲ್ಲಿ ಕಚೇರಿ ಯಾವ ನಂಬಿಕೆಯನ್ನೂ ಒಪ್ಪುವುದಿಲ್ಲ, ಹೊಗಳುವುದಿಲ್ಲ. ಕಚೇರಿಯ ಕೈಯಲ್ಲಿ ನೌಕರರ ಹೊತ್ತು ಇದೆ. ಆ ಹೊತ್ತಿನಲ್ಲಿ ಒಂದಿಷ್ಟನ್ನು ಅದು ಬಿಟ್ಟುಕೊಡುತ್ತದೆ.

ಜನ ಹೆದರುವುದು ಎರಡನೆಯದಕ್ಕೆ, ಅಂದರೆ ಕಚೇರಿಯು ಧರ್ಮಕಾರ್ಯ ನಡೆಸುವ ಜಾಗವಾದೀತು ಎಂದು. ಆ ಹೆದರಿಕೆಯಿಂದ ನಿರಾಕರಿಸುವುದು ಮೂರನೆಯದನ್ನು. ನಿರಾಕರಿಸಿದ್ದಕ್ಕೆ ಪರಿಹಾರವೆಂದು ಕೊಡುವುದು ಮೊದಲನೆಯದನ್ನು. ನೌಕರ ಕೇಳಿದ್ದು ಮೂರನೆಯದನ್ನು ಮಾತ್ರ. ಈ ಅದಲುಬದಲನ್ನು ಗುರುತಿಸಿದರೆ ವಾದದ ಅರ್ಧ ಅಲ್ಲಿಗೇ ಮುಗಿಯುತ್ತದೆ. ಸರ್ಕಾರಗಳಿಗೂ ಇದು ಅನ್ವಯ. 2022ರಿಂದ ಕೇಂದ್ರ ಸರ್ಕಾರ ಡಿಸೆಂಬರ್ 26ನ್ನು ವೀರ ಬಾಲ ದಿವಸವೆಂದು ಆಚರಿಸುತ್ತಿದೆ. ನೆನೆಯುವ ಉದ್ದೇಶ ಒಳ್ಳೆಯದೇ. ಆದರೆ ಆ ಹೆಸರಿಗೆ ಗುರುದ್ವಾರಗಳನ್ನು ನೋಡಿಕೊಳ್ಳುವ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿಯೇ ಆಕ್ಷೇಪ ಎತ್ತಿತು, ಸಾಹಿಬ್‌ಜಾದೆಗಳ, ಅಂದರೆ ಗುರು ಗೋಬಿಂದ್ ಸಿಂಗರ ಮಕ್ಕಳ, ಬಲಿದಾನವನ್ನು ಬಾಲಕರ ಶೌರ್ಯವೆಂದಷ್ಟೇ ಕಾಣುವುದು ಸಾಲದೆಂದಿತು. ಯಾರ ದಿನವೋ ಅವರನ್ನು ಕೇಳದೆ ಆಚರಣೆಗೆ ಇಳಿದರೆ ಸದುದ್ದೇಶವೂ ಎಡವುತ್ತದೆ.

ಈಗ ಎಲ್ಲರೂ ಎತ್ತುವ ಆಕ್ಷೇಪಕ್ಕೆ ಬರೋಣ: ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕು. ಕೊಡಬೇಕು, ನಿಜ. ಆದರೆ ಎಲ್ಲರಿಗೂ ಎಷ್ಟು ಎಂಬುದನ್ನು ಗೊತ್ತುಮಾಡಿದರೆ ಲೆಕ್ಕ ಬೆಳೆಯುತ್ತ ಹೋಗುವುದಿಲ್ಲ. ಕೇಂದ್ರ ಸರ್ಕಾರ ಬಹುಕಾಲದಿಂದ ಇದನ್ನು ಮಾಡುತ್ತಿದೆ: ಕಡ್ಡಾಯ ರಜೆಗಳ ಆಚೆಗೆ ಉದ್ದನೆಯ ಒಂದು ಪಟ್ಟಿ, ಅದರಲ್ಲಿ ಪ್ರತಿಯೊಬ್ಬರಿಗೂ ಎರಡು ದಿನ. ಗುರು ಗೋಬಿಂದ್ ಸಿಂಗರ ಜನ್ಮದಿನ ಆ ಪಟ್ಟಿಯಲ್ಲಿದೆ. ಪಟ್ಟಿ ಎಷ್ಟೇ ಉದ್ದವಾಗಲಿ, ಒಬ್ಬ ನೌಕರ ತೆಗೆದುಕೊಳ್ಳುವುದು ಎರಡೇ. ದಿನಗಳ ಸಂಖ್ಯೆಯಲ್ಲಿ ಎಲ್ಲರೂ ಸಮಾನರು, ತಾರೀಖಿನಲ್ಲಿ ಬೇರೆ ಬೇರೆ. ಖಾಸಗಿ ಕಂಪನಿಗಳಲ್ಲಿ ಇದನ್ನೇ ಆಪ್ಷನಲ್ ಹಾಲಿಡೇ ಎನ್ನುತ್ತಾರೆ. ಇದರಲ್ಲಿಯೂ ಸ್ವಲ್ಪ ಅಸಮತೋಲನ ಉಳಿಯುತ್ತದೆಂಬುದನ್ನು ಮುಚ್ಚಿಡಬಾರದು: ಹೆಚ್ಚಿನವರಿಗೆ ತಮ್ಮ ಹಬ್ಬಗಳು ಸಾರ್ವತ್ರಿಕ ಪಟ್ಟಿಯಲ್ಲೇ ಸಿಕ್ಕಿ, ಮೇಲೆ ಎರಡು ದಿನ ಸಿಗುತ್ತವೆ, ಸಿಖ್ ನೌಕರರು ಆ ಎರಡರಲ್ಲೇ ತಮ್ಮದನ್ನೆಲ್ಲ ಹೊಂದಿಸಿಕೊಳ್ಳಬೇಕು. ಆದ್ದರಿಂದ ಅದಲುಬದಲಿಗೂ ದಾರಿ ಇರಬೇಕು. ದಸರೆಯ ದಿನ ಮನೆಯಿಂದಲೋ, ಇಪ್ಪತ್ತನಾಲ್ಕು ಗಂಟೆಯೂ ನಡೆಯುವ ಕಾಲ್ ಸೆಂಟರಿನಲ್ಲೋ ಕೆಲಸ ಮಾಡಲು ಒಪ್ಪುವವರಿಗೆ ಆ ದಿನವನ್ನು ಗುರುಪುರಬ್‌ಗೆ ವರ್ಗಾಯಿಸಿಕೊಡುವುದರಲ್ಲಿ ಯಾರಿಗೂ ನಷ್ಟವಿಲ್ಲ. ದಸರೆಯಂದು ಶಿಫ್ಟ್ ತುಂಬಲು ಜನ ಹುಡುಕುವ ಮೇಲ್ವಿಚಾರಕರಿಗಂತೂ ಅನುಕೂಲವೇ.

ಸಂಖ್ಯೆಯ ವಾದವೂ ಇದೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಸಿಖ್ಖರು 2.08 ಕೋಟಿ, ಶೇಕಡ 1.7, ಕರ್ನಾಟಕದ 6.11 ಕೋಟಿ ಜನರಲ್ಲಿ ಮೂವತ್ತು ಸಾವಿರಕ್ಕೂ ಕಡಿಮೆ. ಇಷ್ಟು ಕಡಿಮೆ ಜನರಿಗಾಗಿ ವ್ಯವಸ್ಥೆ ಬದಲಿಸಬೇಕೇ ಎನ್ನುತ್ತಾರೆ. ಅದೇ ಉಸಿರಿನಲ್ಲಿ, ರಜೆ ಕೊಡುತ್ತ ಹೋದರೆ ಕೆಲಸ ಕೆಡುತ್ತದೆ ಎಂದೂ ಹೇಳುತ್ತಾರೆ. ಎರಡರಲ್ಲಿ ಒಂದನ್ನಷ್ಟೇ ಹೇಳಬಹುದು. ಜನ ಕಡಿಮೆಯಿದ್ದರೆ ವೆಚ್ಚವೂ ಕಡಿಮೆ. ಇನ್ನೂರು ಜನರ ಕಚೇರಿಯಲ್ಲಿ ಒಬ್ಬರು ನವೆಂಬರಿನ ಒಂದು ದಿನ ಬರದಿದ್ದರೆ ಏನೂ ನಿಲ್ಲುವುದಿಲ್ಲ. ವೆಚ್ಚ ಹೆಚ್ಚಾಗುವಷ್ಟು ಜನರಿದ್ದರೆ ಅವರನ್ನು ಕೆಲವೇ ಜನ ಎನ್ನುವಂತಿಲ್ಲ. ಸಂಖ್ಯೆಯಿಂದ ತೀರ್ಮಾನವಾಗಬೇಕಾದದ್ದು ಕಚೇರಿಗೆ ಬೀಗ ಹಾಕಬೇಕೇ ಎಂಬ ಪ್ರಶ್ನೆ ಮಾತ್ರ. ಪಂಜಾಬಿನಲ್ಲಿ ಹಾಕುತ್ತಾರೆ, ಇಲ್ಲಿ ಹಾಕಬೇಕಿಲ್ಲ. ಒಬ್ಬ ವ್ಯಕ್ತಿಗೆ ಒಂದು ದಿನ ಬಿಟ್ಟುಕೊಡಬೇಕೇ ಎಂಬ ಪ್ರಶ್ನೆಗೆ ಸಂಖ್ಯೆ ಉತ್ತರವಾಗಲಾರದು.

ಇನ್ನು, ಸಿಖ್ ಧರ್ಮವನ್ನು ಸ್ವಲ್ಪ ಬಲ್ಲವರು ಎತ್ತುವ ಆಕ್ಷೇಪ. ನನಗೆ ಎಲ್ಲಕ್ಕಿಂತ ಗಂಭೀರವೆನಿಸುವುದು ಇದೇ. ಯಹೂದಿಗಳ ಸಬ್ಬತ್‌ನಂತೆ ದುಡಿಯಬಾರದ ದಿನ ಸಿಖ್ಖರಲ್ಲಿಲ್ಲ. ಶುಭದಿನ, ಅಶುಭದಿನಗಳ ಎಣಿಕೆಯನ್ನು ಗುರುಗಳೇ ತಿರಸ್ಕರಿಸಿದರು. ಕಿರತ್ ಕರೋ, ನಾಮ್ ಜಪೋ, ವಂಡ್ ಛಕೋ ಎಂಬ ಮೂರು ಆಧಾರಗಳಲ್ಲಿ ಮೊದಲನೆಯದೇ ಪ್ರಾಮಾಣಿಕ ದುಡಿಮೆ; ಉಳಿದವು ನಾಮಸ್ಮರಣೆ, ಹಂಚಿ ಉಣ್ಣುವುದು. ಕಾಯಕ, ದಾಸೋಹಗಳನ್ನು ಬಲ್ಲ ಕನ್ನಡಿಗರಿಗೆ ಇದು ಪರಿಚಿತವಾದ ನೆಲ. ಹಾಗಿದ್ದ ಮೇಲೆ ಗುರುಪುರಬ್ ದಿನ ಕೆಲಸಕ್ಕೆ ಬಂದರೆ ಧರ್ಮಕ್ಕೆ ಯಾವ ಲೋಪ? ಬಿಡುವು ಬೇಕೆನ್ನುವುದು ಬರಿಯ ಇಷ್ಟವಲ್ಲವೇ? ಆಕ್ಷೇಪದ ಮೊದಲರ್ಧ ಸರಿ, ತೀರ್ಮಾನ ತಪ್ಪು. ದುಡಿಯಬಾರದು ಎಂಬ ನಿಷೇಧದಿಂದ ಮಾತ್ರವೇ ರಜೆಯ ಅಗತ್ಯ ಹುಟ್ಟುತ್ತದೆಂದು ಇದು ಮೊದಲೇ ಅಂದುಕೊಂಡಿದೆ. ಗುರುಪುರಬ್ ಕೇಳುವುದು ಹಾಜರಿಯನ್ನು. ಸಿಖ್ಖರ ಪವಿತ್ರ ಗ್ರಂಥವಾದ ಗುರು ಗ್ರಂಥ ಸಾಹಿಬನ್ನು ಸುಮಾರು 48 ಗಂಟೆ ಎಡೆಬಿಡದೆ ಓದುವ ಅಖಂಡ ಪಾಠ ಎರಡು ದಿನ ಮೊದಲು ಶುರುವಾಗಿ, ಆ ದಿನ ಬೆಳಿಗ್ಗೆ ಭೋಗ್ ಎಂಬ ಸಮಾಪ್ತಿಯ ವಿಧಿಯೊಂದಿಗೆ ಮುಗಿಯುತ್ತದೆ. ಓದುವವರು ಸರದಿಯಲ್ಲಿ ಬರಬೇಕು. ಹಿಂದಿನ ದಿನಗಳಲ್ಲಿ ನಸುಕಿಗೇ ಹಾಡುತ್ತ ಸಾಗುವ ಪ್ರಭಾತ್ ಫೇರಿ, ಹಗಲಿನಲ್ಲಿ ನಗರ ಕೀರ್ತನದ ಮೆರವಣಿಗೆ. ಎಲ್ಲರಿಗೂ ಊಟ ಹಾಕುವ ಲಂಗರ್‌ಗೆ ಹಿಟ್ಟು ನಾದುವವರು, ರೊಟ್ಟಿ ಬೇಯಿಸುವವರು, ಬಡಿಸುವವರು, ಪಾತ್ರೆ ತಿಕ್ಕುವವರು, ಚಪ್ಪಲಿ ಕಾಯುವವರು, ಎಲ್ಲರೂ ಸೇವೆಗೆ ಬಂದವರೇ. ಭಕ್ತರ ಸಂಗತ್ ಸೇರದೆ ಇದಾವುದೂ ನಡೆಯದು. ಒಬ್ಬರೇ ಮನೆಯಲ್ಲಿ ಕುಳಿತು ರಾತ್ರಿ ಎಂಟಕ್ಕೆ ಮಾಡಿ ಮುಗಿಸುವಂಥದ್ದಲ್ಲ. ಇದನ್ನು ತಿಳಿದರೆ ಕಚೇರಿಗೆ ಇನ್ನೊಂದು ಅನುಕೂಲವೂ ಕಾಣುತ್ತದೆ: ಕೆಲವರಿಗೆ ಪೂರ್ತಿ ದಿನ ಬೇಕಾದೀತು, ಕೆಲವರಿಗೆ ಬೆಳಗಿನ ಅರ್ಧ ದಿನ ಸಾಕಾದೀತು, ಪ್ರಭಾತ್ ಫೇರಿಗೆ ಹೋಗುವವರಿಗೆ ಒಂದು ವಾರ ಬೆಳಗಿನ ಶಿಫ್ಟ್ ಬೇಡವಾದೀತು. ಬಂದು ಕೇಳಿದವರೊಂದಿಗೆ ಐದು ನಿಮಿಷ ಮಾತಾಡಿದರೆ ಇದೆಲ್ಲ ಇತ್ಯರ್ಥವಾಗುತ್ತದೆ.

ಹೊರದೇಶಗಳ ಗುರುದ್ವಾರಗಳು ಎಷ್ಟೋ ವೇಳೆ ಗುರುಪುರಬ್ ಆಚರಣೆಯನ್ನು ಹತ್ತಿರದ ಭಾನುವಾರಕ್ಕೆ ಇಟ್ಟುಕೊಳ್ಳುತ್ತವೆ. ಅವರೇ ಮುಂದೂಡಿದ ಮೇಲೆ ನಿಜವಾದ ದಿನಕ್ಕೆ ರಜೆ ಯಾಕೆ ಎಂದು ಕೇಳುತ್ತಾರೆ. ಕಾರಣ ಮತ್ತು ಪರಿಣಾಮಗಳನ್ನು ತಿರುಗಮುರುಗ ಮಾಡಿದ ಪ್ರಶ್ನೆ ಇದು. ಭಾನುವಾರಕ್ಕೆ ಹೋದದ್ದೇ ವಾರದ ದಿನ ರಜೆ ಸಿಗದ ಕಾರಣ. ರಜೆ ನಿರಾಕರಿಸಿದ್ದರಿಂದ ಆದದ್ದನ್ನು ನಿರಾಕರಣೆಗೆ ಆಧಾರವಾಗಿ ತೋರಿಸಲಾಗದು. ಅಮೆರಿಕದ, ಕೆನಡಾದ ಕನ್ನಡ ಕೂಟದವರಿಗೆ ಇದನ್ನು ವಿವರಿಸಬೇಕಿಲ್ಲ. ಯುಗಾದಿಯ ಕಾರ್ಯಕ್ರಮ ಅನುಕೂಲವಾದ ಶನಿವಾರಕ್ಕೆ ನಡೆಯುತ್ತದೆ, ಆದರೆ ಮನೆಯಲ್ಲಿ ಎಣ್ಣೆ ಸ್ನಾನ, ಬೇವುಬೆಲ್ಲ ಆ ದಿನವೇ ಆಗಬೇಕು, ಅದನ್ನು ಮುಗಿಸಿಯೇ ಕೆಲಸಕ್ಕೆ ಓಡುತ್ತಾರೆ. ಅಲ್ಲಿ ತಂಡಗಳನ್ನು ನಡೆಸುವ ಸ್ಥಾನದಲ್ಲಿರುವ ಕನ್ನಡಿಗರು ತಮಗೆ ಯುಗಾದಿಯ ಬೆಳಿಗ್ಗೆ ಏನು ಬೇಕಿತ್ತೋ ಅದನ್ನೇ ತಮ್ಮ ಸಿಖ್ ಸಹೋದ್ಯೋಗಿಗೆ ಕೊಡಲು ಯಾವ ಸುತ್ತೋಲೆಗೂ ಕಾಯಬೇಕಿಲ್ಲ.

ತಾರೀಖಿನ ಬಗ್ಗೆ ಸಿಖ್ಖರಲ್ಲೇ ಒಮ್ಮತವಿಲ್ಲ ಎಂಬುದೂ ನಿಜ. 2003ರಲ್ಲಿ ಜಾರಿಗೆ ಬಂದ ನಾನಕ್‌ಶಾಹಿ ಪಂಚಾಂಗ ಹೆಚ್ಚಿನ ಗುರುಪುರಬ್‌ಗಳಿಗೆ ಸೌರಮಾನದ ಸ್ಥಿರ ದಿನ ಕೊಟ್ಟಿತು. 2010ರಲ್ಲಿ ಅದನ್ನು ತಿದ್ದಿದರು. ಮೂಲ ಪಂಚಾಂಗವನ್ನೇ ಹಿಡಿದವರು ಈಗಲೂ ಇದ್ದಾರೆ. ಗುರುನಾನಕ್ ಜಯಂತಿ ಕಾರ್ತಿಕ ಹುಣ್ಣಿಮೆಯನ್ನು ಅನುಸರಿಸುವುದರಿಂದ 2024ರಲ್ಲಿ ನವೆಂಬರ್ 15ಕ್ಕೆ ಬಂದದ್ದು 2025ರಲ್ಲಿ ನವೆಂಬರ್ 5ಕ್ಕೆ ಬಂತು. ಗುರು ಗೋಬಿಂದ್ ಸಿಂಗರ ಜನ್ಮದಿನ ತಿಥಿಯ ಪ್ರಕಾರ 2025ರಲ್ಲಿ ಜನವರಿಯಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಇನ್ನೊಮ್ಮೆ ಬಂತು. 2023ರಲ್ಲಿ ಬರಲೇ ಇಲ್ಲ. ಹಾಗಾದರೆ ಕಚೇರಿ ಯಾವ ದಿನವನ್ನು ಒಪ್ಪಬೇಕು? ಯಾವುದನ್ನೂ ಒಪ್ಪಬೇಕಿಲ್ಲ. ಪಂಚಾಂಗದ ವ್ಯಾಜ್ಯ ತೀರಿಸುವ ಅಧಿಕಾರ ಎಚ್‌ಆರ್ ವಿಭಾಗಕ್ಕಿಲ್ಲ. ನೌಕರ ಹೇಳಿದ ದಿನವೇ ಆತನ ದಿನ. ಈದ್‌ಗೆ ಚಂದ್ರ ಕಂಡ ಮೇಲೆ ರಜೆ ಬದಲಾಗುವುದನ್ನು ನಾವು ವರ್ಷವರ್ಷವೂ ನಿಭಾಯಿಸುತ್ತೇವೆ.

ದೀಪಾವಳಿಗೆ ರಜೆ ಇದ್ದೇ ಇದೆಯಲ್ಲ, ಸಂವಿಧಾನವೇ ಸಿಖ್ಖರನ್ನು ಹಿಂದೂಗಳೊಂದಿಗೆ ಸೇರಿಸಿದೆಯಲ್ಲ ಎನ್ನುವವರಿಗೆ ಉತ್ತರ ಚಿಕ್ಕದು. 25ನೆಯ ವಿಧಿಯ ಎರಡನೆಯ ವಿವರಣೆ ಹಾಗೆ ಸೇರಿಸುವುದು ಹಿಂದೂ ದೇವಾಲಯಗಳ ಪ್ರವೇಶ ಹಾಗೂ ಸಮಾಜ ಸುಧಾರಣೆಯ ಕಾನೂನುಗಳ ಮಟ್ಟಿಗೆ. ಅದೇ ವಿಧಿಯ ಮೊದಲ ವಿವರಣೆ ಕಿರ್ಪಾಣ್ ಧರಿಸುವುದನ್ನು ಸಿಖ್ ಧರ್ಮದ ಭಾಗವೆಂದು ಹೆಸರಿಟ್ಟು ಹೇಳುತ್ತದೆ. ದೀಪಾವಳಿಯಂದು ಸಿಖ್ಖರು ಹಣತೆ ಹಚ್ಚುವುದು ನಿಜ, ಆದರೆ ಬಂದೀ ಛೋಡ್ ದಿವಸಕ್ಕಾಗಿ. ಗ್ವಾಲಿಯರ್ ಕೋಟೆಯ ಸೆರೆಯಿಂದ ಆರನೆಯ ಗುರು ಹರಗೋಬಿಂದರು 52 ರಾಜರನ್ನೂ ಬಿಡಿಸಿಕೊಂಡು ಹೊರಬಂದ ನೆನಪು ಅದು. ಅಂದು ಬೇರೆ ರಜೆ ಬೇಕಿಲ್ಲ, ತಿಳಿದಿದ್ದರೆ ಸಾಕು.

ಇದು ಹೊರಗಿನವರ ಹಬ್ಬ ಎಂಬ ಮಾತು ಕರ್ನಾಟಕದಲ್ಲಿ ಕೇಳಿಬಂದರೆ ಬೀದರಿನ ಹೆಸರು ಹೇಳಬಹುದು. ಗುರುನಾನಕರು ಬಂದಾಗ ಸಿಹಿನೀರು ಚಿಮ್ಮಿತೆಂದು ನಂಬುವ ನಾನಕ್ ಝೀರಾ ಅಲ್ಲಿದೆ. ಆನಂದಪುರದಲ್ಲಿ ತಲೆ ಕೊಡಲು ಎದ್ದು ನಿಂತ ಪಂಜ್ ಪ್ಯಾರೆ ಎಂಬ ಐವರು ಪ್ರಿಯರಲ್ಲಿ ಭಾಯಿ ಸಾಹಿಬ್ ಸಿಂಗ್ ಬೀದರಿನ ಕ್ಷೌರಿಕ ಮನೆತನದವರೆಂದು ಸಿಖ್ ಸಂಪ್ರದಾಯ ಹೇಳುತ್ತದೆ. ಆದರೂ ನನ್ನ ವಾದವನ್ನು ಈ ಹೆಮ್ಮೆಯ ಮೇಲೆ ನಿಲ್ಲಿಸಲು ನನಗೆ ಮನಸ್ಸಿಲ್ಲ. ಊರಿಗೂ ಧರ್ಮಕ್ಕೂ ಹಳೆಯ ನಂಟಿದ್ದರೆ ಮಾತ್ರ ಅನುವು ಎಂದರೆ, ನಂಟಿಲ್ಲದೆ ನಿನ್ನೆ ಬಂದವರಿಗೆ ಏನೂ ಇಲ್ಲವೆಂದಾಯಿತು. ಹಳೆಯ ನಂಟು ಯಾರನ್ನೂ ಕಾಪಾಡಲೂ ಇಲ್ಲ: ಅದೇ ಬೀದರಿನಲ್ಲಿ 1988ರಲ್ಲಿ ಸಿಖ್ ವಿದ್ಯಾರ್ಥಿಗಳ ಕೊಲೆಗಳಾದವು. ದೆಹಲಿಯಲ್ಲಿ 1984ರ ನವೆಂಬರಿನಲ್ಲಿ ಪೇಟ ಮತ್ತು ಗಡ್ಡವೇ ಗುರುತಾಗಿ ಸಾವಿರಾರು ಜನ ಸತ್ತರು. ಈ ನೆನಪಿರುವ ಸಮುದಾಯದ ಎಲ್ಲರೂ ಕಚೇರಿಯಲ್ಲಿ ಎದ್ದು ನಿಂತು ತಮ್ಮನ್ನು ಗುರುತಿಸಿಕೊಳ್ಳಲು ಬಯಸುತ್ತಾರೆಂದು ತಿಳಿಯಬಾರದು. ಆದ್ದರಿಂದಲೇ ಆಯ್ಕೆಯ ರಜೆಗೆ ಕಾರಣ ಬರೆಸಬಾರದು, ಸಾಕ್ಷ್ಯ ಕೇಳಬಾರದು. ಕೂದಲು ಕತ್ತರಿಸದೆ ಕೇಶ ಇಟ್ಟವರಿಗೂ, ಇಡದವರಿಗೂ ಅದು ಒಂದೇ ಆಗಿರಬೇಕು. ಯಾವ ದೇವರನ್ನೂ ನಂಬದವರು ಆ ಎರಡು ದಿನಗಳನ್ನು ತಾಯಿಯ ಹುಟ್ಟುಹಬ್ಬಕ್ಕೋ ಚಾರಣಕ್ಕೋ ಬಳಸಿಕೊಳ್ಳಲಿ. ಮತದ ವಿವರ ಕಡತಕ್ಕೆ ಸೇರಬಾರದೆಂದು ಅಂಜುವವರಿಗೆ ಇದೇ ಉತ್ತರ: ಕಾರಣ ಕೇಳದ ರಜೆಯಲ್ಲಿ ಕಡತಕ್ಕೆ ಸೇರಲು ಏನೂ ಇಲ್ಲ.

ಕೊಡಲಾಗದ ಸಂದರ್ಭಗಳೂ ಇರುತ್ತವೆ. ತುರ್ತು ಚಿಕಿತ್ಸಾ ಘಟಕದಲ್ಲಿ ಒಬ್ಬರೇ ಅರಿವಳಿಕೆ ತಜ್ಞರಿದ್ದು ಅವರೇ ಸಿಖ್ಖರಾಗಿದ್ದರೆ, ಅವರು ಆ ದಿನ ಬರಲೇಬೇಕಾಗಬಹುದು. ಸೇವೆಯನ್ನು ಧರ್ಮವೆಂದು ನಂಬಿದವರಿಗೆ ಇದನ್ನು ವಿವರಿಸುವುದು ಕಷ್ಟವೂ ಅಲ್ಲ. ಆದರೆ ಆಗದು ಎನ್ನುವವರು ಏಕೆ ಆಗದೆಂದು ತೋರಿಸಬೇಕು. ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನ 1977ರ ಹಾರ್ಡಿಸನ್ ತೀರ್ಪಿನ ಬಳಿಕ ಅತ್ಯಲ್ಪ ವೆಚ್ಚವೂ ನಿರಾಕರಣೆಗೆ ಸಾಕು ಎಂಬಂತೆ ಬಹುಕಾಲ ನಡೆಯಿತು. ಭಾನುವಾರ ದುಡಿಯಲೊಪ್ಪದ ಒಬ್ಬ ಕ್ರೈಸ್ತ ಅಂಚೆ ನೌಕರನ ಮೊಕದ್ದಮೆಯಲ್ಲಿ, 2023ರ ಗ್ರಾಫ್ ತೀರ್ಪು ಅದನ್ನು ಸರಿಪಡಿಸಿತು: ಆ ವ್ಯವಹಾರದ ಮಟ್ಟಿಗೆ ಗಣನೀಯವಾದ ಹೆಚ್ಚುವರಿ ಹೊರೆಯನ್ನು ಮಾಲೀಕ ತೋರಿಸಬೇಕು, ಸಹೋದ್ಯೋಗಿಗಳಿಗೆ ಆ ಧರ್ಮದ ಬಗ್ಗೆ ಇರುವ ಅಸಹನೆಯನ್ನು ಹೊರೆಯ ಲೆಕ್ಕಕ್ಕೆ ಸೇರಿಸುವಂತಿಲ್ಲ. ಬಹುಸಂಖ್ಯಾತ ಧರ್ಮದವನೊಬ್ಬ ಗೆದ್ದ ಈ ನಿಯಮದ ನೆರಳು ಅಲ್ಲಿನ ಸಿಖ್ ನೌಕರರಿಗೂ ಸಿಕ್ಕಿತೆಂಬುದನ್ನು ನಮ್ಮ ಕಾರ್ಮಿಕ ಸಂಘಟನೆಗಳು ಗಮನಿಸಬೇಕು.

ಇಷ್ಟೆಲ್ಲ ವಾದದ ಒಂದು ಮಿತಿ ನನ್ನನ್ನು ಕಾಡುತ್ತದೆ. ಆಪ್ಷನಲ್ ಹಾಲಿಡೇ, ಶಿಫ್ಟ್ ಬದಲಾವಣೆ, ಮನೆಯಿಂದ ಕೆಲಸ, ಇವೆಲ್ಲ ತಿಂಗಳ ಸಂಬಳದವರ ಮಾತು. ಕೆನಡಾದ ಬ್ರಾಂಪ್ಟನ್ನಿನಿಂದ ಲಾರಿ ಓಡಿಸುವ ಪಂಜಾಬಿ ಚಾಲಕನಿಗೆ ಸಿಗುವುದು ಓಡಿದ ಮೈಲಿಗಷ್ಟೇ ಹಣ. ಬ್ರಿಟಿಷ್ ಕೊಲಂಬಿಯಾದ ಫ್ರೇಸರ್ ಕಣಿವೆಯಲ್ಲಿ ಬೆರ್ರಿ ಹಣ್ಣು ಬಿಡಿಸುವ ವಯಸ್ಸಾದ ಪಂಜಾಬಿ ಹೆಂಗಸರಿಗೆ ಬಿಡಿಸಿದ ತೂಕಕ್ಕಷ್ಟೇ ಕೂಲಿ. ನಮ್ಮ ಕಚೇರಿಗಳ ಕಾವಲುಗಾರರು, ಕ್ಯಾಬ್ ಚಾಲಕರು, ಕ್ಯಾಂಟೀನಿನ ಹುಡುಗರು ಯಾವ ಧರ್ಮದವರೇ ಆಗಲಿ, ಗುತ್ತಿಗೆದಾರರ ಪಟ್ಟಿಯಲ್ಲಿರುತ್ತಾರೆ, ಕಂಪನಿಯ ರಜೆಪಟ್ಟಿಯಲ್ಲಿ ಇರುವುದಿಲ್ಲ. ಹಬ್ಬದ ದಿನ ಅವರಿಗೆ ಯಾರೂ ರಜೆ ನಿರಾಕರಿಸುವುದಿಲ್ಲ, ಸುಮ್ಮನೆ ಕೂಲಿ ನಿಂತುಹೋಗುತ್ತದೆ. ಮುಂದಿನ ವರ್ಷದ ರಜೆಪಟ್ಟಿ ಮಾಡಲು ಕೂರುವ ಅಧಿಕಾರಿಗಳು ಗುತ್ತಿಗೆಯ ಕರಾರನ್ನೂ ಅದೇ ಮೇಜಿನ ಮೇಲೆ ಇಟ್ಟುಕೊಂಡು, ಅವರಿಗೂ ಆರಿಸಿಕೊಳ್ಳುವ ಎರಡು ದಿನಗಳ ಕೂಲಿಯನ್ನು ದರದಲ್ಲಿ ಸೇರಿಸಿ ಬರೆಯಲು ಸಾಧ್ಯವಿದೆ. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಗುತ್ತಿಗೆ ಕೊಡುವ ಕಂಪನಿ ಒಪ್ಪಿದರೆ ಆಯಿತು.